ಪಾಡ್‌ಕಾಸ್ಟ್ ರೆಕಾರ್ಡಿಂಗ್‌ಗೆ ಆಡಾಸಿಟಿ ಸಾಕಾ, ಇಲ್ಲ ರೀಪರ್ ಕಲೀಬೇಕಾ?

ಕೆಂಪುಬಟನ್:
ನಾನೂ ನನ್ನ ಫ್ರೆಂಡೂ ಸೇರಿ ಪಾಡ್‌ಕಾಸ್ಟ್ ಶುರು ಮಾಡೋಣ ಅಂತಿದೀವಿ, ಬೇರೆ ಬೇರೆ ಊರಲ್ಲಿರೋದ್ರಿಂದ ಕಾಲ್‌ನಲ್ಲೇ ಮಾತಾಡ್ಬೇಕು. ಇಬ್ರ ಹತ್ರನೂ ಯುಎಸ್‌ಬಿ ಮೈಕ್ ಇದೆ, ನಂದು ವಿಂಡೋಸ್, ಅವನದ್ದು ಮ್ಯಾಕ್. ಟ್ರಯಲ್‌ಗೆ ಅಂತ ವಿಡಿಯೋ ಕಾಲನ್ನೇ ರೆಕಾರ್ಡ್ ಮಾಡಿದ್ವಿ, ಕೇಳಿದ್ರೆ ಅವನು ಬಕೆಟ್ ಒಳಗೆ ತಲೆ ಹಾಕ್ಕೊಂಡು ಮಾತಾಡ್ದಂಗಿದೆ. ಸಾಲದ್ದಕ್ಕೆ ನಾನು ಕೆಮ್ಮಿದ್ದು ಸರಿಯಾಗಿ ಅವನ ಒಳ್ಳೇ ಮಾತಿನ ಮೇಲೇ ಬಿದ್ದಿದೆ, ಎಲ್ಲಾ ಒಂದೇ ಟ್ರ್ಯಾಕಲ್ಲಿರೋದ್ರಿಂದ ಕೆಮ್ಮು ತೆಗೆದ್ರೆ ಮಾತೂ ಹೋಗುತ್ತೆ. ಎಡಿಟಿಂಗ್‌ನ ಗಂಧಗಾಳಿ ಇಲ್ಲ ನಂಗೆ. ಯಾವ ಸಾಫ್ಟ್‌ವೇರ್ ಹಿಡೀಲಿ?

ಗುಬ್ಬಿಗೂಡು:
ಕಣ್ಮುಚ್ಕೊಂಡು ಆಡಾಸಿಟಿ ಹಾಕ್ಕೊಳ್ಳಿ. 2000ದಿಂದ ಇದೆ, ಫ್ರೀ, ವಿಂಡೋಸ್ ಮ್ಯಾಕ್ ಎರಡರಲ್ಲೂ ಓಡುತ್ತೆ. ಆದ್ರೆ ನಿಮ್ ಸಮಸ್ಯೆ ಸಾಫ್ಟ್‌ವೇರ್‌ದಲ್ಲ, ಕಾಲ್ ರೆಕಾರ್ಡ್ ಮಾಡಿದ್ದೇ ತಪ್ಪಾಗಿದ್ದು. ಕಾಲ್‌ನಲ್ಲಿ ದನಿ ಹಿಂಡಿ ಕಳಿಸ್ತಾರೆ, ನೆಟ್ ಸ್ವಲ್ಪ ತೊದಲಿದ್ರೂ ಅದು ರೆಕಾರ್ಡಿಂಗಲ್ಲಿ ಕೂತ್ಬಿಡುತ್ತೆ. ಕಾಲ್ ಬರೀ ಮಾತಾಡೋಕೆ ಇರ್ಲಿ, ಇಬ್ರೂ ಹೆಡ್‌ಫೋನ್ ಹಾಕ್ಕೊಂಡು ತಂತಮ್ಮ ಲ್ಯಾಪ್‌ಟಾಪಲ್ಲಿ ತಂತಮ್ಮ ದನಿ ಮಾತ್ರ ರೆಕಾರ್ಡ್ ಮಾಡ್ಕೊಳ್ಳಿ. ಶುರುವಲ್ಲಿ ಒನ್ ಟೂ ತ್ರೀ ಅಂತ ಇಬ್ರೂ ಒಂದೇ ಸಲ ಚಪ್ಪಾಳೆ ತಟ್ಟಿ, ಆಮೇಲೆ ಎರಡು ಫೈಲಲ್ಲೂ ಆ ಚೂಪು ಗೆರೆ ಕಾಣುತ್ತಲ್ಲ, ಅದನ್ನ ಒಂದ್ರ ಕೆಳಗೊಂದು ತಂದ್ರೆ ಹೆಚ್ಚುಕಮ್ಮಿ ಕೂತ್ಕೊಳ್ಳುತ್ತೆ. ನಿಮ್ ಫ್ರೆಂಡು ದನಿ ಹಿಂಡದ ವೇವ್ ಫೈಲನ್ನೇ ಕಳಿಸ್ಲಿ, ಎಂಪಿ3 ಬೇಡ. ಸೆಟ್ಟಿಂಗ್ 44.1 ಕಿಲೋಹರ್ಟ್ಸ್, 16 ಬಿಟ್, ಮೋನೋ (ಒಂದೇ ಚಾನೆಲ್) ಆದ್ರೆ ಗಂಟೆಗೆ ಸುಮಾರು 300 ಎಂಬಿ, ಅಷ್ಟೇನೂ ಭಾರ ಇಲ್ಲ.

ರಾತ್ರಿಪಾಳಿ:
ಮೇಲಿನೋರು ಹೇಳಿದ್ದು ಸರಿ, ಆದ್ರೆ ಒಂದು ಬಿಟ್ರು. ನಾವೂ ಹಿಂಗೇ ಮಾಡಿದ್ವಿ, ಮೊದಲ ಹತ್ತು ನಿಮಿಷ ಸೂಪರ್, ಗಂಟೆ ಹತ್ರ ಬರೋ ಹೊತ್ತಿಗೆ ನಾನು ಪ್ರಶ್ನೆ ಮುಗಿಸೋಕೆ ಮುಂಚೆನೇ ಅವನು ಉತ್ತರ ಕೊಡ್ತಿದಾನೆ!! ಪ್ರತಿ ಮಷಿನ್‌ನ ಕ್ಲಾಕ್ ಕೂದಲೆಳೆಯಷ್ಟು ಬೇರೆ ಬೇರೆ ಓಡುತ್ತೆ, ಅದು ಸೇರ್ತಾ ಸೇರ್ತಾ ಹಂಗಾಗುತ್ತೆ. ಯಾರೂ ಮಾತಾಡದ ಜಾಗ ನೋಡಿ ಅಲ್ಲಲ್ಲಿ ಕತ್ತರಿಸಿ ಒಂಚೂರು ಸರಿಸಿದೆ, ಸರಿಹೋಯ್ತು. ಕೊನೇಲೂ ಒಂದು ಚಪ್ಪಾಳೆ ತಟ್ಟಿದ್ರೆ ಎಷ್ಟು ಜರುಗಿದೆ ಅಂತ ಗೊತ್ತಾಗುತ್ತೆ.

ನಾನು ರೀಪರ್ ಪಾರ್ಟಿ, ಅದೂ ರೆಕಾರ್ಡಿಂಗ್-ಎಡಿಟಿಂಗ್ ಸಾಫ್ಟ್‌ವೇರೇ. 60 ದಿನ ಪೂರ್ತಿ ಟ್ರಯಲ್ ಇದೆ. ತೆರೆದ ತಕ್ಷಣ ವಿಮಾನದ ಕಾಕ್‌ಪಿಟ್ ಥರ ಕಾಣುತ್ತೆ ನಿಜ, ಆದ್ರೆ ರಿಪಲ್ ಎಡಿಟಿಂಗ್ ಒಂದು ಕಲಿತ್ರೆ ಸಾಕು, ಒಂದು ತುಂಡು ಕತ್ತರಿಸಿದ್ರೆ ಎರಡೂ ಟ್ರ್ಯಾಕ್ ಜೊತೆಗೇ ಹಿಂದಕ್ಕೆ ಸರಿಯುತ್ತೆ. ಆಡಾಸಿಟಿಲೂ 2022ರ 3.2 ವರ್ಷನ್‌ನಿಂದ ಪ್ಲೇ ಆಗ್ತಿರುವಾಗ್ಲೇ ಎಫೆಕ್ಟ್ ಬದಲಾಯಿಸ್ಬಹುದು, ಮುಂಚೆ ಎಫೆಕ್ಟ್ ಹಾಕಿದ್ರೆ ಮೂಲ ಆಡಿಯೋನೇ ಬದಲಾಗ್ಬಿಡ್ತಿತ್ತು, ಅದಕ್ಕೇ ನಾನು ಬಿಟ್ಟಿದ್ದು.

ಕಂಬಳಿಸ್ಟುಡಿಯೋ:
ಮೊದಲು ರೂಮ್ ನೋಡ್ಕೊಳ್ರಪ್ಪಾ. ಖಾಲಿ ಗೋಡೆಗೆ ಬಡಿದು ಬಂದ ಗುಂಯ್ ಅನ್ನೋ ದನಿನ ಯಾವ ಸಾಫ್ಟ್‌ವೇರೂ ನೆಟ್ಟಗೆ ತೆಗೆಯಲ್ಲ. ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದಿಟ್ಟು ಅದರ ಮುಂದೆ ಕೂತ್ರೂ ವ್ಯತ್ಯಾಸ ಗೊತ್ತಾಗುತ್ತೆ. ಮೀಟರಲ್ಲಿ ದನಿಯ ಲೆವೆಲ್ ಮೈನಸ್ 12 ಡಿಬಿ (ಡೆಸಿಬೆಲ್) ಆಸುಪಾಸಲ್ಲಿ ಇರ್ಲಿ, ನಗು ಬಂದಾಗ ಸೊನ್ನೆ ಮುಟ್ಟಿದ್ರೆ ದನಿ ಒಡೆಯುತ್ತೆ, ಅದು ರಿಪೇರಿ ಆಗಲ್ಲ ಅಂತಾನೇ ಇಟ್ಕೊಳ್ಳಿ. ಶುರುವಲ್ಲಿ ಐದು ಸೆಕೆಂಡ್ ಸುಮ್ನೆ ಕೂತಿರಿ, ಹಿನ್ನೆಲೆ ಗದ್ದಲ ಕಮ್ಮಿ ಮಾಡೋ ಆಡಾಸಿಟಿಯ ನಾಯ್ಸ್ ರಿಡಕ್ಷನ್‌ಗೆ ಆ ಖಾಲಿ ತುಂಡೇ ಸ್ಯಾಂಪಲ್. ಜಾಸ್ತಿ ಎಳೀಬೇಡಿ, ರೋಬೋಟ್ ಆಗ್ತೀರಾ.

ಮುಂದೆ ಗೆಸ್ಟ್ ಕರೆಸ್ತೀರಾದ್ರೆ ಅವರ ಕೈಲಿ ಇದೆಲ್ಲ ಮಾಡ್ಸೋಕಾಗಲ್ಲ. ಆಗ ರಿವರ್‌ಸೈಡ್, ಝೆನ್‌ಕ್ಯಾಸ್ಟರ್ ಥರದ್ದು ನೋಡಿ, ಬ್ರೌಸರಲ್ಲೇ ಲಿಂಕ್ ಒತ್ತಿದ್ರೆ ಆಯ್ತು, ಅವರವರ ಕಡೆ ಬೇರೆ ಬೇರೆ ಟ್ರ್ಯಾಕ್ ರೆಕಾರ್ಡ್ ಆಗಿ ಅಪ್‌ಲೋಡ್ ಆಗುತ್ತೆ.

ಕೆಂಪುಬಟನ್:
ಎಲ್ರಿಗೂ ಥ್ಯಾಂಕ್ಸ್, ಆಡಾಸಿಟಿ ಹಾಕಿ ಕಾಲು ಗಂಟೆ ಟ್ರೈ ಮಾಡಿದ್ವಿ, ಬಕೆಟ್ ಹೋಯ್ತು! ಆದ್ರೆ ಅವನು ವೇವ್ ಬದಲು ಎಯುಪಿ3 ಅಂತ ಏನೋ ಕಳಿಸಿದಾನೆ, ಪ್ಲೇಯರಲ್ಲಿ ಓಪನ್ನೇ ಆಗ್ತಿಲ್ಲ?

ಗುಬ್ಬಿಗೂಡು:
ಹೆಹೆ, ಎಲ್ರೂ ಬೀಳೋ ಗುಂಡಿ ಅದು. ಸೇವ್ ಒತ್ತಿದಾರೆ, ಅದು ಪ್ರಾಜೆಕ್ಟ್ ಫೈಲ್. ಆಡಾಸಿಟಿಲೇ ಓಪನ್ ಮಾಡಿ, ಆಗುತ್ತೆ. ಮುಂದಿನ ಸಲ ಫೈಲ್ ಮೆನುಲಿ ಎಕ್ಸ್‌ಪೋರ್ಟ್ ಒತ್ತೋಕೆ ಹೇಳಿ.