ಹೆರಿಗೆ ಖರ್ಚೂ ಸೇರಿದೆ

ನಮ್ಮ ಗೊಣಗಣ್ಣ ಜೇಬಿನಿಂದ ಹೆಲ್ತ್ ಇನ್ಶೂರೆನ್ಸ್ ಕಾರ್ಡು ತೆಗೆದು ಮುಂದೆ ಹಿಡಿದ. ಕಂಪನಿ ಕೊಟ್ಟಿದ್ದು. ಹೆಸರು ಸರಿಯಾಗಿದೆ, ಹುಟ್ಟಿದ ದಿನವೂ ಸರಿ. ಲಿಂಗ ಅನ್ನುವ ಕಡೆ ಮಾತ್ರ ‘ಸ್ತ್ರೀ’ ಅಂತ ಅಚ್ಚಾಗಿದೆ.

“ಕೌಂಟರಿನವರು ಕಾರ್ಡು ನೋಡ್ತಾರೆ, ನನ್ನ ಮೀಸೆ ನೋಡ್ತಾರೆ. ಹಲ್ಲುನೋವು ಅಂದೆ. ಹಲ್ಲು ಇದರಲ್ಲಿ ಬರಲ್ವಂತೆ. ಹೆರಿಗೆಯಾದರೆ ಬರುತ್ತಂತೆ.”

“ಮತ್ಯಾಕೆ ತಡ?” ಅಂದ ಧಣಿ. ನಮ್ಮಲ್ಲಿ ಸ್ವಂತ ವರ್ಕ್‌ಶಾಪ್ ಇರುವುದು ಇವನೊಬ್ಬನಿಗೇ, ಅದಕ್ಕೇ ಆ ಅಡ್ಡಹೆಸರು.

“ನಗು ನೀನು. ಎಲ್ಲ ಕೆಲಸಗಾರರಿಗೂ ಮಾಲೀಕರೇ ವಿಮೆ ಮಾಡಿಸಬೇಕು ಅಂತ ಕಾನೂನು ಬರಲಿ, ಆಗ ಗೊತ್ತಾಗುತ್ತೆ.”

ಧಣಿ ನೆಟ್ಟಗೆ ಕೂತ. “ಅವರಿಗೆ ಜ್ವರ ಬಂದರೆ ನಾನ್ಯಾಕಪ್ಪ ಕಹಿ ಮಾತ್ರೆ ನುಂಗಬೇಕು?”

ಲೆಕ್ಕಪ್ಪ ಕನ್ನಡಕ ಏರಿಸಿದ. ಇನ್ನು ಅವನನ್ನು ತಡೆಯುವವರಿಲ್ಲ. “ಇದು ಹೊಸದಲ್ಲ ಕಣೋ. ಜರ್ಮನಿಯಲ್ಲಿ ಆಗ ಸರ್ಕಾರ ನಡೆಸ್ತಿದ್ದ ಬಿಸ್ಮಾರ್ಕ್ 1883ರಲ್ಲೇ ತಂದ. ಕಂತಿನ ಮೂರರಲ್ಲೊಂದು ಪಾಲು ಮಾಲೀಕನದು, ಎರಡು ಪಾಲು ಕೆಲಸಗಾರನದು.”

“ಅಷ್ಟು ಒಳ್ಳೆಯವನಾ?”

“ಎಲ್ಲಿ ಬಂತು! ಕೆಲಸಗಾರರು ಸಮಾಜವಾದಿಗಳ ಕಡೆ ವಾಲಬಾರದು ಅಂತ ತಂದಿದ್ದು. ಅಮೆರಿಕದ್ದು ಇನ್ನೂ ಮಜಾ. ಯುದ್ಧದ ಕಾಲ, 1942. ಸಂಬಳ ಏರಿಸದ ಹಾಗೆ ಸರ್ಕಾರ ಲಗಾಮು ಹಾಕಿತು. ಆಳು ಸಿಗ್ತಿಲ್ಲ, ಸಂಬಳ ಜಾಸ್ತಿ ಮಾಡೋ ಹಾಗಿಲ್ಲ. ವಿಮೆಗೆ ಮಾತ್ರ ಆ ಲಗಾಮು ಇರಲಿಲ್ಲ. ಕಂಪನಿಗಳು ಆ ಕಿಂಡಿಯಲ್ಲೇ ನುಸುಳಿದವು. ದೇಶಕ್ಕೆಲ್ಲ ಕಾನೂನು ಅಂತ ಆಗಿದ್ದು 2010ರಲ್ಲಿ. 50 ಜನ ಪೂರ್ಣಾವಧಿ ನೌಕರರಿದ್ದರೆ ವಿಮೆ ಕೊಡು, ಇಲ್ಲದಿದ್ದರೆ ದಂಡ ಕಟ್ಟು.”

“ನಾನು 49ಕ್ಕೇ ನಿಲ್ಲಿಸ್ತೀನಿ,” ಅಂದ ಧಣಿ.

“ನಿನ್ನ ಹತ್ತಿರ ಇರೋದೇ ಆರು ಜನ!”

“ಸದ್ಯ, ಬದುಕಿದೆ.”

“ಅಮೆರಿಕದ್ದೇ ರಾಜ್ಯ ಹವಾಯಿಯಲ್ಲಾದರೆ ಬದುಕ್ತಿರಲಿಲ್ಲ. ಅಲ್ಲಿ 1974ರ ಕಾನೂನು. ಒಬ್ಬನೇ ಇದ್ದರೂ, ವಾರಕ್ಕೆ 20 ಗಂಟೆ ದುಡಿದರೆ ಕೊಡಲೇಬೇಕು.”

“ಹಾಗಾದರೆ ಹತ್ತೊಂಬತ್ತಕ್ಕೇ ಮನೆಗೆ ಕಳಿಸ್ತೀನಿ.”

ತಮಾಷೆಗೆ ಅಂದಿದ್ದು ನಿಜ. ಆದರೆ ಕಾನೂನಿನಲ್ಲಿ ಒಂದು ಗೆರೆ ಎಳೆದರೆ, ಅದರ ಈಚೆಗೇ ಕಾಲಿಟ್ಟು ನಿಲ್ಲುವವರು ಇದ್ದೇ ಇರುತ್ತಾರೆ, ಅಲ್ವಾ?

“ಅಷ್ಟು ಅಳಬೇಡ,” ಅಂದ ಲೆಕ್ಕಪ್ಪ. “ನೀನು ಕಟ್ಟೋ ಕಂತು ನಿಧಾನಕ್ಕೆ ಅವರ ಸಂಬಳದಿಂದಲೇ ಹೊರಡುತ್ತೆ. ಮುಂದಿನ ವರ್ಷ ಏರಿಸಬೇಕಾದ್ದನ್ನು ಏರಿಸಲ್ಲ, ಅಷ್ಟೇ. ಅತ್ತೆ ಒಡವೆ ಅಳಿಯ ದಾನ ಮಾಡಿದ ಹಾಗೆ.”

“ಹಾಗಿದ್ರೆ ಆ ದುಡ್ಡು ನಮ್ಮ ಕೈಗೇ ಕೊಡಲಿ, ನಾವೇ ಮಾಡಿಸ್ಕೋತೀವಿ,” ಅಂದೆ ನಾನು.

“ನೀನು ಮಾಡಿಸಲ್ಲ. ಎದೆ ಹಿಡಿದುಕೊಂಡಾಗಷ್ಟೇ ಓಡ್ತೀಯ. ಎಲ್ಲ ನಿನ್ನಂಥವರೇ ಬಂದರೆ ವಿಮೆಯವರು ಕಂತು ಏರಿಸದೆ ಏನು ಮಾಡ್ತಾರೆ? ಕಂಪನಿ ಮೂಲಕ ಆದರೆ ಗಟ್ಟಿಮುಟ್ಟಾದವರೂ ಗುಂಪಲ್ಲಿ ಬರ್ತಾರೆ. ಕಂತು ಇಳಿಯುತ್ತೆ.”

ನಾನು ಬಾಯಿ ಮುಚ್ಚಿಕೊಂಡೆ. ಹೋದ ವರ್ಷವೇ ಮಾಡಿಸ್ತೀನಿ ಅಂದಿದ್ದೆ.

ನನ್ನ ತಕರಾರು ಬೇರೆ. ವಿಮೆಯನ್ನು ಕೆಲಸಕ್ಕೆ ಗಂಟು ಹಾಕಿದರೆ ಕೆಲಸ ಹೋದ ದಿನ ಅದೂ ಹೋಗುತ್ತೆ. ಮೈಗೆ ಹುಷಾರಿಲ್ಲದೆ ಕೆಲಸ ಬಿಟ್ಟವನ ಗತಿ? ಗೊಣಗಣ್ಣ ಎಂಟು ವರ್ಷದಿಂದ “ನಾಳೆ ರಾಜೀನಾಮೆ” ಅಂತಿದ್ದಾನೆ. ಹೆಂಡತಿಯ ಡಯಾಲಿಸಿಸ್ ಆ ಕಾರ್ಡಿನ ಮೇಲೇ ನಡೀತಿದೆ. ಅದು ನಮಗೆಲ್ಲ ಗೊತ್ತು. ಯಾರೂ ಆಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಧಣಿ ಲೆಕ್ಕಪ್ಪನ ಕಡೆ ವಾಲಿದ. “ಸುಮ್ನೆ ಕೇಳ್ತೀನಿ. ಆರು ಜನಕ್ಕೆ ಎಷ್ಟಾಗಬಹುದು?”

“ಆರರಲ್ಲಿ ಒಬ್ಬ ದೊಡ್ಡ ಕಾಯಿಲೆ ಬಿದ್ದರೂ ಮುಂದಿನ ಸಲ ಕಂತು ಹಾರುತ್ತೆ. ನಿನ್ನಂಥ ಸಣ್ಣ ಮಾಲೀಕರು ಹತ್ತಾರು ಜನ ಸೇರಿ ಮಾಡಿಸಬೇಕು.”

“ನಿನ್ನ ಕಾರ್ಡು ಮೊದಲು ತಿದ್ದಿಸೋ,” ಅಂದೆ ಗೊಣಗಣ್ಣನಿಗೆ.

“ಬರೆದಿದ್ದೆ. ವರ್ಷದ ನಡುವೆ ಏನೂ ತಿದ್ದೋ ಹಾಗಿಲ್ಲವಂತೆ. ಮದುವೆಯಾದರೆ, ಇಲ್ಲಾ ಮಗು ಹುಟ್ಟಿದರೆ ಮಾತ್ರ.”