ಅಪ್‌ಡೇಟ್: ಕೆಮ್ಮೋ ಕುದುರೆಗೆ ಒಣಹುಲ್ಲಾ, ಹೇಲೇಜಾ?

ಹೋದ ಸಲ ಕೇಳಿದ್ದೆ, ನಮ್ಮ ಹೆಣ್ಣು ಕುದುರೆ ಒಣಹುಲ್ಲಿಗೆ ಬಾಯಿ ಹಾಕಿದ ತಕ್ಷಣ ಕೆಮ್ಮುತ್ತೆ, ಹೇಲೇಜ್‌ಗೆ (ಅರೆಬರೆ ಒಣಗಿಸಿ, ಗಾಳಿಯಾಡದ ಹಾಗೆ ಪ್ಲಾಸ್ಟಿಕ್ಕಲ್ಲಿ ಸುತ್ತಿಟ್ಟ ಹುಲ್ಲಿನ ಕಟ್ಟು) ಬದಲಾಯಿಸ್ಲಾ ಅಂತ. ಬದಲಾಯಿಸಿದೆ. ನೀವೆಲ್ಲ ಹೇಳಿದ ಹಾಗೆ ಒಂದೇ ದಿನಕ್ಕಲ್ಲ, ಎರಡು ವಾರ ತಗೊಂಡು ದಿನಾ ಸ್ವಲ್ಪ ಸ್ವಲ್ಪ ಬೆರೆಸ್ತಾ ಹೋದೆ, ಲದ್ದಿ ಒಂದೆರಡು ದಿನ ಮೆತ್ತಗಾಯ್ತು ಆಮೇಲೆ ಸರಿಹೋಯ್ತು. ಧೂಳಿಲ್ಲ ನೋಡಿ, ಅದೇ ದೊಡ್ಡ ವ್ಯತ್ಯಾಸ. ಮೊನ್ನೆ ಅವಳು ಪೂರ್ತಿ ತಿಂದು ಮುಗಿಸೋ ತನಕ ಪಕ್ಕದಲ್ಲೇ ನಿಂತಿದ್ದೆ, ಒಂದ್ಸಲಾನೂ ಕೆಮ್ಮಲಿಲ್ಲ, ಕಣ್ಣು ತುಂಬಿ ಬಂತು.

ನಾನು ಮಾಡಿದ ತಪ್ಪು ತೂಕದ್ದು. ಒಣಹುಲ್ಲು 10 ಕೆಜಿ ಹಾಕ್ತಿದ್ದೆ, ಇದನ್ನೂ ಅಷ್ಟೇ ಹಾಕ್ದೆ, ಆದ್ರೆ ಹೇಲೇಜಲ್ಲಿ ನೀರಿನಂಶ ಜಾಸ್ತಿ ಇರೋದ್ರಿಂದ ನಿಜವಾಗ್ಲೂ ಹೊಟ್ಟೆಗೆ ಬೀಳ್ತಿದ್ದ ಮೇವು ಕಡಿಮೆ, ಪಕ್ಕೆಲುಬು ಕಾಣೋಕೆ ಶುರುವಾಯ್ತು, ಈಗ 14 ಕೆಜಿ ಹತ್ರ ಕೊಡ್ತೀನಿ.

ಕಟ್ಟು ಬಿಚ್ಚಿದ್ಮೇಲೆ 3-4 ದಿನದಲ್ಲಿ ಮುಗೀಬೇಕು, ಒಂದೇ ಕುದುರೆ ಇದ್ರೆ ದೊಡ್ಡ ಕಟ್ಟು ಬೇಡ್ವೇ ಬೇಡ. ಒಂದು ಕಟ್ಟಿನ ಪ್ಲಾಸ್ಟಿಕ್ಕಲ್ಲಿ ಬೆರಳು ತೂರೋವಷ್ಟು ತೂತಿತ್ತು, ಒಳಗೆಲ್ಲ ಬೆಳ್ಳಗೆ ಬೂಷ್ಟು, ಅಷ್ಟನ್ನೂ ಎಸೆದೆ, ಬೊಟುಲಿಸಮ್ (ಕೆಟ್ಟ ಮೇವಿಂದ ಬರೋ ವಿಷಬಾಧೆ) ಬಂದ್ರೆ ಕುದುರೆ ಉಳಿಯೋದೇ ಕಷ್ಟ. ಸೆಖೆ ಜಾಸ್ತಿಯಾದಾಗ ಬೇಗ ಕೆಡುತ್ತಲ್ಲ, ಆಗ ಧೂಳು ಏಳದ ಹಾಗೆ ನೀರಲ್ಲಿ ನೆನೆಸಿದ ಒಣಹುಲ್ಲಿಗೇ ವಾಪಸ್ ಹೋಗ್ತೀನಿ.