ಪದಚರ್ಚೆ: ಪ್ರೋಟೀನ್ ‘ಫೋಲ್ಡಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬ್ಯಾಕ್ಟೀರಿಯಾದಿಂದ ಔಷಧಿ ತಯಾರಿಸುವ ಬಗ್ಗೆ ಪಿಯುಸಿ ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಫೋಲ್ಡಿಂಗ್, ಇನ್‌ಕ್ಲೂಷನ್ ಬಾಡಿ, ಈ ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲು ವಿಷಯ ಹೇಳುತ್ತೇನೆ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಸರ ತಯಾರಾದರೆ ಸಾಲದು, ಅದು ತನ್ನದೇ ಆಕಾರಕ್ಕೆ ಬರಬೇಕು. ಇದೇ ಫೋಲ್ಡಿಂಗ್. ಆಗಲೇ ಅದು ಔಷಧಿ. ಇನ್ಸುಲಿನ್‌ನಲ್ಲಿ 21 ಮತ್ತು 30 ಅಮೈನೋ ಆಮ್ಲಗಳ ಎರಡು ಸರಗಳಿವೆ, ಗಂಧಕದ ಮೂರು ಕೊಂಡಿಗಳಿವೆ. 1978ರಲ್ಲಿ ಅಮೆರಿಕದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಬಳಸಿ ಎರಡೂ ಸರಗಳನ್ನು ಬೇರೆ ಬೇರೆಯಾಗಿ ತಯಾರಿಸಿ, ಆಮೇಲೆ ಜೋಡಿಸಿದರು. 1982ರಲ್ಲಿ ಅಲ್ಲಿ ಅದರ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು.

ಈಗ ಪದಕ್ಕೆ ಬರೋಣ. ‘ಮಡಚುವಿಕೆ’ ಅಂದರೆ ಬಟ್ಟೆ ಮಡಚಿದ ಹಾಗೆ ಯಾರೋ ಮಡಚಬೇಕು ಅನಿಸುತ್ತದೆ. ಇಲ್ಲಿ ಹಾಗಲ್ಲ. ಅಮೆರಿಕದ ವಿಜ್ಞಾನಿ ಕ್ರಿಶ್ಚಿಯನ್ ಆನ್‌ಫಿನ್ಸೆನ್ ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನನ್ನು ಯೂರಿಯಾದಲ್ಲಿ ಬಿಡಿಸಿದರು, ಗಂಧಕದ ಕೊಂಡಿಗಳನ್ನೂ ಕಳಚಿದರು. ಯೂರಿಯಾ ತೆಗೆದು ಗಾಳಿಗೆ ಬಿಟ್ಟಾಗ ಪ್ರೋಟೀನ್ ತಾನಾಗಿಯೇ ಹಳೆಯ ಆಕಾರಕ್ಕೆ ಬಂತು, ಕೆಲಸವನ್ನೂ ಮಾಡಿತು. ಈ ಕೆಲಸಕ್ಕೆ 1972ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಜೀವಕೋಶದಲ್ಲಿ ಚಾಪರೋನ್ ಎಂಬ ನೆರವಿನ ಪ್ರೋಟೀನ್‌ಗಳ ಸಹಾಯ ಇರುತ್ತದೆ ನಿಜ. ಆದರೆ ಆಕಾರದ ಗುಟ್ಟು ಸರದಲ್ಲೇ ಇದೆ.

ಹಾಗಾದರೆ ತಾನಾಗಿ ಆಗುವುದನ್ನು ಹೇಳುವ ಕ್ರಿಯಾಪದ ಬೇಕು, ಅಲ್ವಾ? ‘ಮಡಿ’ ಇದೆ. ಆದರೆ ‘ಪ್ರೋಟೀನ್ ಮಡಿಯಿತು’ ಅಂತ ಬರೆದರೆ ಓದುವವರು ಸತ್ತೇಹೋಯಿತು ಅಂದುಕೊಳ್ಳುತ್ತಾರೆ. ‘ಮುದುಡು’ ಅಂದರೆ ಬಾಡಿದ ಭಾವ ಬರುತ್ತದೆ. ‘ಸುರುಳಿ’ಯನ್ನು ಹೀಲಿಕ್ಸ್‌ಗೆ, ಅಂದರೆ ಸರ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡ ಭಾಗಕ್ಕೆ, ಬಳಸಿಬಿಟ್ಟಿದ್ದೇವೆ. ನನಗೆ ಸರಿ ಅನಿಸುವುದು ‘ಮಡಚಿಕೊಳ್ಳು’. ನಮ್ಮ ‘ಕೊಳ್ಳು’ ಇಲ್ಲಿ ಬೇಕಾದ ಕೆಲಸವನ್ನೇ ಮಾಡುತ್ತದೆ. ನಾಮಪದ ಮಾತ್ರ ಕಷ್ಟ. ‘ಮಡಚಿಕೊಳ್ಳುವಿಕೆ’ ಉದ್ದ ಜಾಸ್ತಿ. ‘ಮಡಿಕೆ’ ಚಿಕ್ಕದು, ‘ತಪ್ಪುಮಡಿಕೆ’, ‘ಮರುಮಡಿಕೆ’ ಅಂತ ಬೆಳೆಸಲೂ ಬಹುದು. ಆದರೆ ಮಣ್ಣಿನ ಗಡಿಗೆಗೂ ಎಷ್ಟೋ ಕಡೆ ಮಡಿಕೆ ಅಂತಲೇ ಹೇಳುತ್ತಾರೆ.

ಎರಡನೆಯದು ಇನ್‌ಕ್ಲೂಷನ್ ಬಾಡಿ. ಮನುಷ್ಯರ ಪ್ರೋಟೀನನ್ನು ಇ. ಕೋಲಿಯಲ್ಲಿ ರಭಸದಿಂದ ತಯಾರಿಸಿದರೆ ಸರಗಳು ಸರಿಯಾಗಿ ಮಡಚಿಕೊಳ್ಳುವ ಮೊದಲೇ ಎಷ್ಟೋ ಸಲ ಒಂದಕ್ಕೊಂದು ಅಂಟಿಕೊಂಡು ಕೋಶದೊಳಗೆ ಮುದ್ದೆಯಾಗುತ್ತವೆ. ಆ ಮುದ್ದೆಯೇ ಇನ್‌ಕ್ಲೂಷನ್ ಬಾಡಿ. ಇ. ಕೋಲಿಯ ಕೋಶರಸದಲ್ಲಿ ಗಂಧಕದ ಕೊಂಡಿಗಳು ಸುಲಭವಾಗಿ ಕೂಡುವುದೂ ಇಲ್ಲ. ‘ಅಂತರ್ಗತ ಕಾಯ’ ಎಂಬ ಅನುವಾದ ಮಕ್ಕಳಿಗೆ ಏನನ್ನೂ ಹೇಳುವುದಿಲ್ಲ. ‘ಗಡ್ಡೆ’ ಅಂದರೆ ರೋಗದ ನೆನಪು ಬರುತ್ತದೆ, ಅದು ನ್ಯಾಯವಲ್ಲ. ಯಾಕೆಂದರೆ ಇದರಿಂದ ಲಾಭವೂ ಇದೆ: ಬೇಕಾದ ಪ್ರೋಟೀನೇ ಅದರಲ್ಲಿ ಹೆಚ್ಚಾಗಿರುತ್ತದೆ, ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ತಳಕ್ಕೆ ಕೂರುತ್ತದೆ. ಆಮೇಲೆ ಯೂರಿಯಾದಲ್ಲೋ ಗ್ವಾನಿಡೀನ್‌ನಲ್ಲೋ ಕರಗಿಸಿ, ತೆಳು ಮಾಡುತ್ತಾ ಮತ್ತೆ ಮಡಚಿಕೊಳ್ಳಲು ಬಿಡುತ್ತಾರೆ. ಹೃದಯಾಘಾತವಾದಾಗ ರಕ್ತದ ಹೆಪ್ಪು ಕರಗಿಸಲು ಕೊಡುವ ರೆಟೆಪ್ಲೇಸ್ ಹೀಗೇ ತಯಾರಾಗುತ್ತದೆ. ಅದರಲ್ಲಿ ಗಂಧಕದ ಒಂಬತ್ತು ಕೊಂಡಿಗಳು ಸರಿಯಾದ ಜಾಗದಲ್ಲೇ ಕೂಡಬೇಕು!

ಹಾಗಾಗಿ ‘ಒಳಗಂಟು’ ಅಂದರೆ ಹೇಗೆ? ರಾಗಿ ಅಂಬಲಿ ಗಂಟು ಕಟ್ಟಿತು ಅಂತೀವಲ್ಲ, ಇಲ್ಲಿ ಆಗುವುದೂ ಅದೇ.

ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್‌ಗೆ ಬಳಸಿದ್ದು ಬ್ಯಾಕ್ಟೀರಿಯಾ ಅಲ್ಲ, ಪಿಕಿಯಾ ಎಂಬ ಯೀಸ್ಟ್. ಅದನ್ನೂ ಲೇಖನದಲ್ಲಿ ಸೇರಿಸುತ್ತೇನೆ. ಅಲ್ಲೂ ‘ಮಡಚಿಕೊಳ್ಳು’ ಬೇಕೇ ಬೇಕು.

ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ: ಕಾಗದವೋ ಎಲೆಯೋ ತಾನಾಗಿಯೇ ಮಡಚಿಕೊಂಡರೆ ನಿಮ್ಮ ಮಾತಿನಲ್ಲಿ ಏನಂತೀರಿ?